ಮಾನವ ಕಳ್ಳಸಾಗಣೆ: ದೇಶಗಳಿಗೆ ಅಂಕ ಕೊಡೋದು ಯಾರು, ಸಂತ್ರಸ್ತರ ಲೆಕ್ಕ ಇಡೋದು ಯಾರು?

'ಮಾನವ ಕಳ್ಳಸಾಗಣೆ ತಡೆ: ಭಾರತ ಮತ್ತೆ ಟಯರ್-2ರಲ್ಲಿ.' ಈ ಹೆಡ್‌ಲೈನನ್ನು ನೀವು ಒಂದಲ್ಲ ಒಂದು ವರ್ಷ ನೋಡಿಯೇ ಇರ್ತೀರಿ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿವರ್ಷ ಹೊರಡಿಸುವ ವರದಿಯಿಂದ ಬರುವ ಸುದ್ದಿ ಇದು. ಬಂದ ಕೂಡಲೇ ಚರ್ಚೆ ಎರಡು ಬಣವಾಗುತ್ತೆ. 'ನಮಗೆ ಅಂಕ ಕೊಡೋಕೆ ಅಮೆರಿಕ ಯಾರು?' ಅನ್ನುವವರು ಒಂದು ಕಡೆ. 'ನೋಡಿ, ವಿಶ್ವಗುರುವಿನ ಹಣೆಬರಹ' ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಓದಿರೋದು ಶ್ರೇಣಿಯನ್ನು ಮಾತ್ರ. ಆ ಶ್ರೇಣಿ ಏನನ್ನು ಅಳೆಯುತ್ತೆ, ಏನನ್ನು ಬಿಡುತ್ತೆ ಅಂತ ಕೇಳುವವರು ಕಡಿಮೆ.

ನನ್ನ ವಾದ ಸರಳ. ಶ್ರೇಣಿ ಒಂದು ಸರ್ಕಾರದ ಪ್ರಯತ್ನಕ್ಕೆ ಇನ್ನೊಂದು ಸರ್ಕಾರ ಹಾಕುವ ಅಂಕ. ಒಂದು ದೇಶ ನಿಜಕ್ಕೂ ಕಳ್ಳಸಾಗಣೆ ವಿರುದ್ಧ ನಿಂತಿದೆಯಾ ಅಂತ ಗೊತ್ತಾಗಬೇಕಾದ್ರೆ, ಬಿಡುಗಡೆಯಾದ ವ್ಯಕ್ತಿಗೆ ಮಾರನೇ ದಿನ ಏನಾಯ್ತು ಅಂತ ನೋಡಬೇಕು. ಅವರ ಕೈಯಲ್ಲಿ ಹಣ ಇತ್ತಾ, ದಾಖಲೆ ಇತ್ತಾ, ಬೇಕಾದ ಕಡೆ ಹೋಗುವ ಸ್ವಾತಂತ್ರ್ಯ ಇತ್ತಾ? ಈ ಲೇಖನದಲ್ಲಿ ಅಳತೆಗೋಲುಗಳು ಹೇಗೆ ಕೆಲಸ ಮಾಡ್ತವೆ ಅಂತ ಮೊದಲು ವಿವರಿಸ್ತೀನಿ. ಆಮೇಲೆ ಈ 'ಮಾರನೇ ದಿನದ' ಪ್ರಶ್ನೆಗೆ ಬರ್ತೀನಿ.

ಕಳ್ಳಸಾಗಣೆ ಅಂದ್ರೆ ಗಡಿ ದಾಟಿಸೋದಲ್ಲ

'ಸಾಗಣೆ' ಅನ್ನೋ ಪದವೇ ನಮ್ಮನ್ನು ದಾರಿ ತಪ್ಪಿಸುತ್ತೆ. ಲಾರಿ, ಹಡಗು, ಗಡಿ ಕಣ್ಣಮುಂದೆ ಬರ್ತವೆ. ಆದರೆ ವಿಶ್ವಸಂಸ್ಥೆಯ ಮಹಾಸಭೆ 2000ದ ನವೆಂಬರ್‌ನಲ್ಲಿ ಅಂಗೀಕರಿಸಿದ ಪಾಲೆರ್ಮೊ ಪ್ರೋಟೊಕಾಲ್ ಪ್ರಕಾರ ಈ ಅಪರಾಧಕ್ಕೆ ಮೂರು ಭಾಗಗಳಿವೆ. ಒಂದು, ಕೃತ್ಯ: ವ್ಯಕ್ತಿಯನ್ನು ನೇಮಿಸಿಕೊಳ್ಳೋದು, ಸಾಗಿಸೋದು, ವರ್ಗಾಯಿಸೋದು, ಇಟ್ಟುಕೊಳ್ಳೋದು. ಎರಡು, ವಿಧಾನ: ಬಲಾತ್ಕಾರ, ಬೆದರಿಕೆ, ಮೋಸ, ಅಥವಾ ಅವರ ಅಸಹಾಯಕತೆಯ ದುರ್ಬಳಕೆ. ಮೂರು, ಉದ್ದೇಶ: ಶೋಷಣೆ. ಸಂತ್ರಸ್ತರು ಮಕ್ಕಳಾಗಿದ್ರೆ ಎರಡನೇ ಭಾಗ ಸಾಬೀತಾಗಬೇಕಿಲ್ಲ. ಮೋಸದಿಂದ ಪಡೆದ ಒಪ್ಪಿಗೆಗೆ ಬೆಲೆಯೂ ಇಲ್ಲ.

ಅಂದ್ರೆ ಒಡಿಶಾದ ಬಲಾಂಗೀರ್‌ನಂಥ ಜಿಲ್ಲೆಯಲ್ಲಿ ಒಂದು ಕುಟುಂಬಕ್ಕೆ ಮುಂಗಡ ಕೊಟ್ಟು, ಸುಳ್ಳು ಕೂಲಿ ಹೇಳಿ, ದಕ್ಷಿಣದ ಇಟ್ಟಿಗೆ ಭಟ್ಟಿಗೆ ಕರೆತಂದು, ಸಾಲ ತೀರುವ ತನಕ ಹೊರಗೆ ಬಿಡದೆ ದುಡಿಸಿದರೆ ಅದೂ ಮಾನವ ಕಳ್ಳಸಾಗಣೆ. ನಮ್ಮ ಹಳ್ಳಿಗಳು ಇದಕ್ಕೆ ಇಟ್ಟ ಹೆಸರು 'ಜೀತ'. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತದರ ಪಾಲುದಾರರು 2022ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದಾರೆ. ಅವರಲ್ಲಿ ಎಷ್ಟೋ ಜನ ತಮ್ಮ ದೇಶದ ಗಡಿಯನ್ನೇ ದಾಟಿಲ್ಲ.

ಟಯರ್ ಪದ್ಧತಿ ಹೇಗೆ ನಡೆಯುತ್ತೆ?

2000ದಲ್ಲಿ ಅಮೆರಿಕ ಕಳ್ಳಸಾಗಣೆ ಸಂತ್ರಸ್ತರ ರಕ್ಷಣಾ ಕಾಯ್ದೆ ಮಾಡಿತು. ಅದರಡಿ ಮೊದಲ ವರದಿ ಬಂದಿದ್ದು 2001ರಲ್ಲಿ. ವರದಿ ಮೂರು ವಿಷಯ ನೋಡುತ್ತೆ: ಅಪರಾಧಿಗಳಿಗೆ ಶಿಕ್ಷೆ, ಸಂತ್ರಸ್ತರ ರಕ್ಷಣೆ, ಮುಂಚಿತ ತಡೆ. ಆ ಕಾಯ್ದೆಯಲ್ಲೇ ಬರೆದಿರುವ 'ಕನಿಷ್ಠ ಮಾನದಂಡ'ಗಳನ್ನು ಪೂರೈಸಿದ ದೇಶ ಟಯರ್-1. ಪೂರೈಸಿಲ್ಲ, ಆದರೆ ಗಣನೀಯ ಪ್ರಯತ್ನ ಮಾಡ್ತಿದೆ ಅಂದ್ರೆ ಟಯರ್-2. ಪ್ರಯತ್ನ ಸಾಲದು, ಪರಿಸ್ಥಿತಿ ಚಿಂತಾಜನಕ ಅಂದ್ರೆ ಟಯರ್-2 ವಾಚ್ ಲಿಸ್ಟ್. ಪ್ರಯತ್ನವೂ ಇಲ್ಲ ಅಂದ್ರೆ ಟಯರ್-3. ಟಯರ್-3ಕ್ಕೆ ಬಿದ್ದ ದೇಶಕ್ಕೆ ಅಮೆರಿಕ ಕೆಲವು ಬಗೆಯ ನೆರವು ನಿಲ್ಲಿಸಬಹುದು. ಅಧ್ಯಕ್ಷರು ವಿನಾಯಿತಿಯನ್ನೂ ಕೊಡಬಹುದು.

ಇಲ್ಲಿ ಎರಡು ಮಾತು ನೆನಪಿಡಿ. ಟಯರ್-1 ಅಂದ್ರೆ ಆ ದೇಶದಲ್ಲಿ ಕಳ್ಳಸಾಗಣೆ ಇಲ್ಲ ಅಂತ ಅಲ್ಲ. ಟಯರ್-3 ಅಂದ್ರೆ ಅಲ್ಲೇ ಅತಿ ಹೆಚ್ಚು ಅಂತಲೂ ಅಲ್ಲ. ಅಳೆಯುತ್ತಿರೋದು ಅಪರಾಧದ ಪ್ರಮಾಣವನ್ನಲ್ಲ, ಸರ್ಕಾರದ ಪ್ರಯತ್ನವನ್ನು. ಪ್ರಯತ್ನ ಕಾಣೋದು ಕಾಗದದಲ್ಲಿ: ಎಷ್ಟು ಕೇಸ್, ಎಷ್ಟು ತರಬೇತಿ, ಎಷ್ಟು ಸುತ್ತೋಲೆ.

ಭಾರತದ್ದೇ ಉದಾಹರಣೆ ತಗೊಳ್ಳಿ. 2004ರಿಂದ 2010ರವರೆಗೆ ಸತತ ಏಳು ವರ್ಷ ನಾವು ವಾಚ್ ಲಿಸ್ಟ್‌ನಲ್ಲಿದ್ದೆವು. 2008ರಲ್ಲಿ ಅಮೆರಿಕ ತನ್ನ ಕಾಯ್ದೆಗೆ ತಿದ್ದುಪಡಿ ತಂದು, ಎರಡು ವರ್ಷ ಸತತವಾಗಿ ವಾಚ್ ಲಿಸ್ಟ್‌ನಲ್ಲಿರುವ ದೇಶ ವಿನಾಯಿತಿ ಸಿಗದಿದ್ದರೆ ಟಯರ್-3ಕ್ಕೆ ಇಳಿಯಬೇಕು ಅಂತ ಮಾಡಿತು. 2011ರ ಮೇ ತಿಂಗಳಲ್ಲಿ ಭಾರತ ಪಾಲೆರ್ಮೊ ಪ್ರೋಟೊಕಾಲ್ ಅನ್ನು ಅನುಮೋದಿಸಿತು. ಮರುತಿಂಗಳ ವರದಿಯಲ್ಲಿ ಟಯರ್-2ಕ್ಕೆ ಏರಿತು. ಒಂದು ಸಹಿಯಿಂದ ಶ್ರೇಣಿ ಏರಬಹುದು, ಭಟ್ಟಿಯಲ್ಲಿರುವ ಕುಟುಂಬದ ಸಾಲ ಇಳಿಯೋದಿಲ್ಲ. 2024ರ ವರದಿಯಲ್ಲೂ ನಾವು ಅದೇ ಟಯರ್-2.

ಅಂಕ ಕೊಡುವವರ ರಾಜಕೀಯ

ಈಗ ಮಲೇಷ್ಯಾ ಕಥೆ ಕೇಳಿ. 2014ರಲ್ಲಿ ಅದು ಟಯರ್-3ಕ್ಕೆ ಕುಸಿದಿತ್ತು. 2015ರ ಮೇನಲ್ಲಿ ಥಾಯ್ಲೆಂಡ್ ಗಡಿಯ ವಾಂಗ್ ಕೆಲಿಯಾನ್ ಬಳಿ, ಕಳ್ಳಸಾಗಣೆದಾರರ ಶಿಬಿರಗಳಿದ್ದ ಕಾಡಿನಲ್ಲಿ 139 ಸಮಾಧಿಗಳು ಪತ್ತೆಯಾದವು. ಅದಾಗಿ ಎರಡೇ ತಿಂಗಳಲ್ಲಿ ಬಂದ ವರದಿ ಮಲೇಷ್ಯಾವನ್ನು ಟಯರ್-2 ವಾಚ್ ಲಿಸ್ಟ್‌ಗೆ ಏರಿಸಿತು. ಆಗ ಅಮೆರಿಕ, ಮಲೇಷ್ಯಾ ಸೇರಿದಂತೆ 12 ದೇಶಗಳು ಪೆಸಿಫಿಕ್ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿದ್ದವು. ಟಯರ್-3 ದೇಶದ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ತ್ವರಿತ ಮಂಜೂರಾತಿ ಕೊಡಬಾರದು ಅಂತ ಅಮೆರಿಕದ ಸಂಸತ್ತು ಆಗಷ್ಟೇ ಷರತ್ತು ಹಾಕಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನಿಖಾ ವರದಿ ಪ್ರಕಟಿಸಿತು: ವಿದೇಶಾಂಗ ಇಲಾಖೆಯ ಕಳ್ಳಸಾಗಣೆ ತಜ್ಞರಿಗೂ ರಾಜತಾಂತ್ರಿಕರಿಗೂ 17 ದೇಶಗಳ ಶ್ರೇಣಿ ಬಗ್ಗೆ ಭಿನ್ನಾಭಿಪ್ರಾಯವಿತ್ತು, 14ರಲ್ಲಿ ತಜ್ಞರ ಮಾತು ಸೋತಿತು. ರಾಜಕೀಯ ಒತ್ತಡ ಇರಲಿಲ್ಲ ಅಂತ ಇಲಾಖೆ ಹೇಳಿತು. ಅದೇ ವರ್ಷ, ಅಮೆರಿಕದ ಜೊತೆ ರಾಜತಾಂತ್ರಿಕ ಸಂಬಂಧ ಮರಳಿ ಶುರುವಾದ ಕ್ಯೂಬಾ ಕೂಡ ಟಯರ್-3ರಿಂದ ಮೇಲೆ ಬಂತು.

ಇನ್ನು ಅಮೆರಿಕದ್ದೇ ಅಂಕ? ಮೊದಲ ಒಂಬತ್ತು ವರ್ಷ ಅದು ತನ್ನನ್ನು ಪಟ್ಟಿಯಲ್ಲೇ ಸೇರಿಸಿರಲಿಲ್ಲ. 2010ರಲ್ಲಿ ಮೊದಲ ಸಲ ತನಗೆ ತಾನೇ ಟಯರ್-1 ಕೊಟ್ಟುಕೊಂಡಿತು. ಅದಕ್ಕೂ ಮೊದಲು, ಕತ್ರಿನಾ ಚಂಡಮಾರುತದ ನಂತರದ ರಿಪೇರಿ ಕೆಲಸಕ್ಕೆ ಸಿಗ್ನಲ್ ಇಂಟರ್‌ನ್ಯಾಷನಲ್ ಅನ್ನೋ ಕಂಪನಿ ಭಾರತದಿಂದ ಸುಮಾರು 500 ವೆಲ್ಡರ್‌, ಪೈಪ್‌ಫಿಟ್ಟರ್‌ಗಳನ್ನು ಕರೆಸಿಕೊಂಡಿತ್ತು. ಗ್ರೀನ್ ಕಾರ್ಡ್ ಸಿಗುತ್ತೆ ಅಂತ ನಂಬಿಸಿದ್ದರಿಂದ ಅವರು ಏಜೆಂಟರಿಗೆ ಹತ್ತು ಸಾವಿರ ಡಾಲರ್ ಮತ್ತು ಅದಕ್ಕೂ ಹೆಚ್ಚು ತೆತ್ತಿದ್ದರು. ಅಲ್ಲಿ ಸಿಕ್ಕಿದ್ದು ಕಾವಲಿರುವ, ಕಿಕ್ಕಿರಿದ ಕಾರ್ಮಿಕ ಶಿಬಿರ. 2015ರಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿ ಅವರಲ್ಲಿ ಐವರಿಗೆ ಒಟ್ಟು 1.4 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಕಳ್ಳಸಾಗಣೆ ಟಯರ್-1 ದೇಶದಲ್ಲೂ ನಡೆಯುತ್ತೆ. ವ್ಯತ್ಯಾಸ ಇರೋದು ಸಂತ್ರಸ್ತರಿಗೆ ಕೋರ್ಟಿನ ಬಾಗಿಲು ತೆರೆದಿದೆಯಾ ಅನ್ನೋದರಲ್ಲಿ.

ಹಾಗಂತ ವರದಿಯನ್ನು ಕಸದಬುಟ್ಟಿಗೆ ಹಾಕಿ ಅಂತ ನಾನು ಹೇಳ್ತಿಲ್ಲ. ಶ್ರೇಣಿಯಲ್ಲಿ ರಾಜಕೀಯ ಇದೆ ಅನ್ನೋದು ಅದರೊಳಗಿನ ಅಂಕಿಅಂಶವನ್ನು ಸುಳ್ಳು ಮಾಡೋದಿಲ್ಲ. ನಾನು ಅದನ್ನು ಓದುವ ಕ್ರಮ ಇಷ್ಟೇ: ಮೊದಲು ದೇಶದ ಅಧ್ಯಾಯ, ಕೊನೆಗೆ ಶ್ರೇಣಿ.

ಬೇರೆ ಅಳತೆಗೋಲುಗಳಿಲ್ವಾ?

ಇವೆ. ಯುರೋಪಿನ ಕೌನ್ಸಿಲ್ 2005ರಲ್ಲಿ ಮಾಡಿಕೊಂಡ ಒಪ್ಪಂದದಡಿ 'ಗ್ರೇಟಾ' ಅನ್ನೋ ಸ್ವತಂತ್ರ ತಜ್ಞರ ಗುಂಪು ಸದಸ್ಯ ದೇಶಗಳಿಗೆ ಭೇಟಿ ಕೊಟ್ಟು ವರದಿ ಬರೆಯುತ್ತೆ. ಅಲ್ಲಿ ಶ್ರೇಣಿ ಇಲ್ಲ, ಅಂಕ ಇಲ್ಲ. ಹಾಗಾಗಿ ಹೆಡ್‌ಲೈನೂ ಇಲ್ಲ! ಆದರೆ ಆ ಒಪ್ಪಂದದಲ್ಲಿ ಸಂತ್ರಸ್ತರ ಕಡೆಯಿಂದ ನೋಡುವ ಎರಡು ನಿಯಮಗಳಿವೆ. ಸಂತ್ರಸ್ತ ಅನ್ನೋ ಸಂಶಯಕ್ಕೆ ಆಧಾರವಿದ್ದರೆ ಆ ವ್ಯಕ್ತಿಗೆ ಚೇತರಿಸಿಕೊಂಡು ಯೋಚಿಸಲು ಕನಿಷ್ಠ 30 ದಿನ ಕೊಡಬೇಕು. ಅಷ್ಟು ದಿನ ಅವರನ್ನು ದೇಶದಿಂದ ಹೊರಹಾಕುವಂತಿಲ್ಲ. ಎರಡನೆಯದು, ಬಲವಂತಕ್ಕೆ ಸಿಕ್ಕಿ ಮಾಡಿದ ತಪ್ಪಿಗೆ ಸಂತ್ರಸ್ತರನ್ನು ಶಿಕ್ಷಿಸದೇ ಇರುವ ಅವಕಾಶ ಕಾನೂನಿನಲ್ಲಿರಬೇಕು.

ಇನ್ನೊಂದು ಉದಾಹರಣೆ ಬ್ರೆಜಿಲ್. ಅಲ್ಲಿ 1995ರಿಂದ ಕಾರ್ಮಿಕ ಇನ್‌ಸ್ಪೆಕ್ಟರ್‌ಗಳ ಸಂಚಾರಿ ತಂಡಗಳು ಪೊಲೀಸ್ ಮತ್ತು ಪ್ರಾಸಿಕ್ಯೂಟರ್‌ಗಳ ಜೊತೆ ದೂರದ ಎಸ್ಟೇಟು, ದನದ ಫಾರಂಗಳಿಗೆ ದಾಳಿ ಮಾಡ್ತಿವೆ. ಈವರೆಗೆ 60 ಸಾವಿರಕ್ಕೂ ಹೆಚ್ಚು ಜನ ಬಿಡುಗಡೆಯಾಗಿದ್ದಾರೆ. 2003ರಲ್ಲಿ ದಂಡಸಂಹಿತೆಗೆ ತಿದ್ದುಪಡಿ ಮಾಡಿ, ಸಾಲದ ಜೀತ ಮಾತ್ರವಲ್ಲ, ಅಮಾನವೀಯ ಸ್ಥಿತಿಯಲ್ಲಿ ದುಡಿಸೋದೂ ಗುಲಾಮಗಿರಿಗೆ ಸಮ ಅಂದರು. ಸಿಕ್ಕಿಬಿದ್ದ ಮಾಲೀಕರ ಹೆಸರು 'ಕೊಳಕು ಪಟ್ಟಿ' ಅನ್ನೋ ಸರ್ಕಾರಿ ಪಟ್ಟಿಯಲ್ಲಿ ಪ್ರಕಟವಾಗುತ್ತೆ, ಬ್ಯಾಂಕ್ ಸಾಲ ಸಿಗೋದು ಕಷ್ಟವಾಗುತ್ತೆ. ಮುಖ್ಯ ವಿಷಯ ಇನ್ನೊಂದಿದೆ. 2002ರ ಕಾನೂನಿನ ಪ್ರಕಾರ, ಬಿಡುಗಡೆಯಾದ ಕಾರ್ಮಿಕರಿಗೆ ಮೂರು ತಿಂಗಳು ಕನಿಷ್ಠ ವೇತನದಷ್ಟು ನಿರುದ್ಯೋಗ ಭತ್ಯೆ ಸಿಗುತ್ತೆ. ಮಾಲೀಕನಿಗೆ ಶಿಕ್ಷೆಯಾಗಲಿ ಅಂತ ಅವರು ಕಾಯಬೇಕಿಲ್ಲ.

2024ರ ವರದಿಯಲ್ಲಿ ಬ್ರೆಜಿಲ್ ಯಾವ ಶ್ರೇಣಿ ಗೊತ್ತಾ? ಟಯರ್-2. ನಮ್ಮದೇ ಶ್ರೇಣಿ.

ಹಾಗಾದ್ರೆ ಭಾರತದ ಲೆಕ್ಕ ಏನು?

ಕಾಗದದ ಮೇಲೆ ನಾವು ಬಡವರಲ್ಲ. ಸಂವಿಧಾನದ 23ನೇ ವಿಧಿ ಮಾನವ ಮಾರಾಟ, ಬಿಟ್ಟಿ ಚಾಕರಿ ಮತ್ತು ಬಲವಂತದ ದುಡಿಮೆಯನ್ನು ನಿಷೇಧಿಸುತ್ತೆ. 1956ರಿಂದ ಅನೈತಿಕ ವ್ಯವಹಾರ ತಡೆ ಕಾಯ್ದೆ ಇದೆ, 1976ರಿಂದ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. 1982ರಲ್ಲಿ ಏಷ್ಯನ್ ಗೇಮ್ಸ್ ಕಾಮಗಾರಿಯ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸೋದೂ ಬಲವಂತದ ದುಡಿಮೆಯೇ ಅಂದಿತು. ಹಸಿವು, ಬಡತನವೂ ಒಂದು ಬಲವಂತ ಅಂತ ಒಪ್ಪಿದ ತೀರ್ಪು ಅದು. 2013ರಲ್ಲಿ ಐಪಿಸಿ 370ನೇ ಕಲಂ ಬದಲಾಗಿ ಕಳ್ಳಸಾಗಣೆಗೆ ಸ್ಪಷ್ಟ ವ್ಯಾಖ್ಯೆ ಬಂತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 143 ಮತ್ತು 144ನೇ ಕಲಂಗಳಲ್ಲಿದೆ. ಆದರೆ ಶೋಷಣೆಯ ವಿವರಣೆಯಲ್ಲಿ ಲೈಂಗಿಕ ಶೋಷಣೆ, ಗುಲಾಮಗಿರಿ, ಭಿಕ್ಷಾಟನೆ, ಅಂಗಾಂಗ ತೆಗೆಯೋದು ಎಲ್ಲ ಇದ್ದರೂ 'ಬಲವಂತದ ದುಡಿಮೆ' ಅನ್ನೋ ಪದ ನೇರವಾಗಿ ಇಲ್ಲ.

ಸಮಗ್ರ ಕಾನೂನು ಬೇಕು ಅನ್ನುವ ಬೇಡಿಕೆಯ ಕಥೆಯೂ ಅರ್ಧಕ್ಕೇ ನಿಂತಿದೆ. 2018ರ ಮಸೂದೆ ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆ ದಾಟದೆ 2019ರಲ್ಲಿ ಬಿದ್ದುಹೋಯಿತು. 2021ರಲ್ಲಿ ಹೊಸ ಕರಡು ಹೊರಬಂತು, ಸಂಸತ್ತಿಗೆ ಬರಲಿಲ್ಲ.

ಈಗ ಕೋರ್ಟಿನ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶಾದ್ಯಂತ ದಾಖಲಾದ ಮಾನವ ಕಳ್ಳಸಾಗಣೆ ಕೇಸುಗಳು 2,250, ಗುರುತಿಸಿದ ಸಂತ್ರಸ್ತರು 6,036. ಅದರ ಹಿಂದಿನ ವರ್ಷ ವಿಚಾರಣೆ ಮುಗಿದ 201 ಕೇಸುಗಳಲ್ಲಿ ಶಿಕ್ಷೆಯಾಗಿದ್ದು 32ರಲ್ಲಿ. ಉಳಿದ 169ರಲ್ಲಿ ಆರೋಪಿಗಳು ಖುಲಾಸೆ. ಅಂದ್ರೆ ಶೇ. 84.

ಇದನ್ನು ಇನ್ನೊಂದು ಸರ್ಕಾರಿ ಲೆಕ್ಕದ ಪಕ್ಕದಲ್ಲಿಡಿ. 2030ರೊಳಗೆ ಸುಮಾರು 1.84 ಕೋಟಿ ಜೀತದಾಳುಗಳನ್ನು ಗುರುತಿಸಿ ಬಿಡುಗಡೆ ಮಾಡುವ ಗುರಿ ಇದೆ ಅಂತ 2016ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿತ್ತು. ಜೀತ ರದ್ದತಿ ಕಾಯ್ದೆ ಬಂದಾಗಿನಿಂದ ಈವರೆಗೆ ಪುನರ್ವಸತಿ ಸಿಕ್ಕಿದ್ದು 3 ಲಕ್ಷದ ಆಸುಪಾಸಿನ ಜನಕ್ಕೆ. ಅರ್ಧ ಶತಮಾನದ ಸಾಧನೆ ಗುರಿಯ ಶೇ. 2ಕ್ಕಿಂತ ಕಡಿಮೆ.

ಮಾರನೇ ದಿನ

ಜೀತದಿಂದ ಬಿಡುಗಡೆಯಾದವರಿಗೆ ಎಲ್ಲಕ್ಕಿಂತ ಮುಖ್ಯವಾದ ಕಾಗದ ಒಂದಿದೆ: ಬಿಡುಗಡೆ ಪ್ರಮಾಣಪತ್ರ. ಅದನ್ನು ಕೊಡೋದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಸಾಲ ರದ್ದಾಗಿದೆ ಅನ್ನೋದಕ್ಕೂ ಪರಿಹಾರ ಕೇಳೋದಕ್ಕೂ ಅದೇ ಆಧಾರ. ಅದಿಲ್ಲದಿದ್ರೆ ಆ ವ್ಯಕ್ತಿ ಸರ್ಕಾರದ ಕಣ್ಣಿಗೆ ಜೀತದಾಳು ಆಗಿರಲೇ ಇಲ್ಲ. ಅಧಿಕಾರಿಗಳು ಎಷ್ಟೋ ಸಲ ಇದನ್ನು ಕೊಡೋಕೆ ಹಿಂದೇಟು ಹಾಕ್ತಾರೆ. ಯಾಕಂದ್ರೆ ಕೊಟ್ಟರೆ 'ನನ್ನ ತಾಲ್ಲೂಕಿನಲ್ಲಿ ಜೀತ ಇದೆ' ಅಂತ ಒಪ್ಪಿಕೊಂಡ ಹಾಗೆ. 'ಕೂಲಿ ಬಾಕಿ ಜಗಳ' ಅಂತ ಬರೆದು, ಬಸ್ ಹತ್ತಿಸಿ ಊರಿಗೆ ಕಳಿಸೋದು ಸುಲಭ.

2016ರ ಕೇಂದ್ರ ಯೋಜನೆಯಲ್ಲಿ ಪರಿಹಾರದ ಮೊತ್ತ ಚಿಕ್ಕದಲ್ಲ. ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆ, ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ಆದರೆ ಆ ಯೋಜನೆ ಪೂರ್ಣ ಪರಿಹಾರವನ್ನು ಅಪರಾಧಿಗೆ ಶಿಕ್ಷೆಯಾಗೋದಕ್ಕೆ ತಳುಕು ಹಾಕಿತು. ತಕ್ಷಣಕ್ಕೆ ಸಿಗುವ ನೆರವು 20 ಸಾವಿರದವರೆಗೆ ಮಾತ್ರ ಇತ್ತು, ಆಮೇಲೆ 30 ಸಾವಿರಕ್ಕೆ ಏರಿತು. ಕಳ್ಳಸಾಗಣೆ ಕೇಸಿನಲ್ಲಿ ನೂರಕ್ಕೆ 84 ಖುಲಾಸೆಯಾಗುವ ದೇಶದಲ್ಲಿ ಶಿಕ್ಷೆಯಾದ ಮೇಲೆ ಪರಿಹಾರ ಅನ್ನೋ ಷರತ್ತಿಗೆ ಏನು ಅರ್ಥ? ತಳಮಟ್ಟದ ಒತ್ತಡದಿಂದ ಮುಂದೆ ಈ ಷರತ್ತು ಸ್ವಲ್ಪ ಸಡಿಲವಾಯ್ತು. ಆದರೂ ಸಂತ್ರಸ್ತರ ಹಕ್ಕು ಪ್ರಾಸಿಕ್ಯೂಷನ್‌ನ ಯಶಸ್ಸಿಗೆ ಅಂಟಿಕೊಂಡಿರಬಾರದು ಅನ್ನೋ ತತ್ವವನ್ನು ನಾವಿನ್ನೂ ಪೂರ್ತಿ ಒಪ್ಪಿಲ್ಲ.

ಲೈಂಗಿಕ ಶೋಷಣೆಯ ಕೇಸುಗಳಲ್ಲಿ ಸಮಸ್ಯೆ ಬೇರೆ ರೂಪ ತಾಳುತ್ತೆ. 1956ರ ಕಾಯ್ದೆಯ 17ನೇ ಕಲಂ ಪ್ರಕಾರ, ದಾಳಿಯಲ್ಲಿ 'ರಕ್ಷಿಸಿದ' ಮಹಿಳೆಯನ್ನು ಮ್ಯಾಜಿಸ್ಟ್ರೇಟ್ ಒಂದರಿಂದ ಮೂರು ವರ್ಷ ರಕ್ಷಣಾ ಗೃಹದಲ್ಲಿ ಇರಿಸಬಹುದು. ಆಕೆ ಯಾವ ಅಪರಾಧವನ್ನೂ ಮಾಡಿಲ್ಲ, ಆದರೆ ಹೊರಗೆ ಹೋಗುವಂತಿಲ್ಲ. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ, ಇಷ್ಟವಿಲ್ಲದೆ ಇಂಥ ಗೃಹಗಳಲ್ಲಿರುವ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಿ ಕಾಲಮಿತಿಯಲ್ಲಿ ಬಿಡುಗಡೆಗೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ರಕ್ಷಣೆ ಮತ್ತು ಬಂಧನದ ನಡುವಿನ ಗೆರೆ ಬಾಗಿಲಿನ ಬೀಗ ಅನ್ನೋದು ನನ್ನ ತಿಳಿವಳಿಕೆ.

ಹೊಸ ಸಂತ್ರಸ್ತರು: ಕೀಬೋರ್ಡ್ ಮುಂದೆ ಕೂತವರು

ಈ ಪ್ರಶ್ನೆ ನಮ್ಮ ವಯಸ್ಸಿನವರಿಗೆ ಈಗ ತೀರಾ ಹತ್ತಿರ ಬಂದಿದೆ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಹೇಳಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಮ್ಯಾನ್ಮಾರ್ ಅಥವಾ ಕಾಂಬೋಡಿಯಾದ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ ಭಾರತೀಯರಲ್ಲಿ ಕನ್ನಡದ ಹುಡುಗರೂ ಇದ್ದಾರೆ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರ ಆಗಸ್ಟ್‌ನಲ್ಲಿ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನ ಹೀಗೆ ಬಲವಂತಕ್ಕೆ ಸಿಕ್ಕಿರಬಹುದು ಅಂತ ಅಂದಾಜಿಸಿತು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಎರಡು ವಾಯುಪಡೆ ವಿಮಾನಗಳಲ್ಲಿ 549 ಜನರನ್ನು ವಾಪಸ್ ಕರೆತಂದಿತು.

ಇವರು ಸಂತ್ರಸ್ತರೋ ಆರೋಪಿಗಳೋ? ಹೊಡೆತ ತಪ್ಪಿಸಿಕೊಳ್ಳೋಕೆ ಬೇರೆಯವರಿಗೆ ಮೋಸ ಮಾಡಿದವರೂ ಇದರಲ್ಲಿದ್ದಾರೆ. ಗೊತ್ತಿದ್ದೇ ಹೋದವರು, ಬೇರೆಯವರನ್ನು ಸೇರಿಸಿ ಕಮಿಷನ್ ತಿಂದವರೂ ಇರಬಹುದು. ವಿಚಾರಣೆ ಬೇಡ ಅಂತ ನಾನು ಹೇಳೋದಿಲ್ಲ. ಆದರೆ ನ್ಯಾಯ ಸಂಹಿತೆಯ 143, 144ನೇ ಕಲಂಗಳಲ್ಲಿ, ಬಲವಂತಕ್ಕೆ ಸಿಕ್ಕಿ ಮಾಡಿದ ತಪ್ಪಿಗೆ ಸಂತ್ರಸ್ತರನ್ನು ಶಿಕ್ಷಿಸಬಾರದು ಅನ್ನುವ ಒಂದು ಸಾಲೂ ಇಲ್ಲ. ಬೆದರಿಕೆಗೆ ಸಿಕ್ಕಿ ಮಾಡಿದ ಕೃತ್ಯಕ್ಕೆ ಇರುವ ಸಾಮಾನ್ಯ ವಿನಾಯಿತಿ ಕೇಳೋದು 'ತಕ್ಷಣದ ಸಾವಿನ' ಭಯವನ್ನು. ತಿಂಗಳುಗಟ್ಟಲೆ ಕೂಡಿಹಾಕಿ, ಕರೆಂಟ್ ಶಾಕ್ ಕೊಟ್ಟು ದುಡಿಸೋದು ಆ ಚೌಕಟ್ಟಿಗೆ ಸುಲಭವಾಗಿ ಹೊಂದೋದಿಲ್ಲ. ಹೀಗಿರುವಾಗ ಬದುಕಿ ಬಂದವರು ಪೊಲೀಸರ ಮುಂದೆ ಬಾಯಿ ಬಿಡ್ತಾರಾ? ಬಿಡದಿದ್ರೆ ಇಲ್ಲಿರುವ ಏಜೆಂಟ್ ಸಿಗ್ತಾನಾ? ಸಂತ್ರಸ್ತರ ರಕ್ಷಣೆ ಬರೀ ಕರುಣೆಯ ವಿಷಯ ಅಲ್ಲ, ಅಪರಾಧಿಗೆ ಶಿಕ್ಷೆ ಆಗೋ ದಾರಿಯೂ ಅದೇ.

ಮುಂದಿನ ಸಲ ವರದಿ ಬಂದಾಗ ಕೇಳಬೇಕಾದ ಐದು ಪ್ರಶ್ನೆ

1. ಗುರುತಿಸಿದವರು ಯಾರು? ಲೈಂಗಿಕ ಶೋಷಣೆಯ ಕೇಸುಗಳಷ್ಟೇ ಲೆಕ್ಕಕ್ಕೆ ಬಂದಿವೆಯಾ, ಇಟ್ಟಿಗೆ ಭಟ್ಟಿ, ಎಸ್ಟೇಟ್, ಮನೆಗೆಲಸವೂ ಇದೆಯಾ?

2. ಬಿಡುಗಡೆಯಾದ ಎಷ್ಟು ದಿನಕ್ಕೆ ಕೈಗೆ ಹಣ ಮತ್ತು ದಾಖಲೆ ಬಂತು?

3. ನೆರವು ಪಡೆಯೋಕೆ ಸಾಕ್ಷಿ ಹೇಳಲೇಬೇಕಾ, ಶಿಕ್ಷೆಯಾಗಲೇಬೇಕಾ?

4. ವಯಸ್ಕರು ಆಶ್ರಯ ಕೇಂದ್ರದಿಂದ ತಮ್ಮಿಷ್ಟದಂತೆ ಹೊರಗೆ ಹೋಗಬಹುದಾ?

5. ಬಲವಂತಕ್ಕೆ ಸಿಕ್ಕಿ ಮಾಡಿದ ತಪ್ಪಿಗೆ ಅವರ ಮೇಲೇ ಕೇಸ್ ಬಿತ್ತಾ?

ಈ ಐದನ್ನು ಹಿಡಿದು ಅಮೆರಿಕವನ್ನೂ ಅಳೆಯಬಹುದು, ಮಲೇಷ್ಯಾವನ್ನೂ, ಬ್ರೆಜಿಲನ್ನೂ. ನಮ್ಮ ಜಿಲ್ಲೆಯನ್ನೂ ಅಳೆಯಬಹುದು. 1976ರ ಕಾಯ್ದೆ ಪ್ರತಿ ಜಿಲ್ಲೆ, ಪ್ರತಿ ಉಪವಿಭಾಗದಲ್ಲಿ ಒಂದು ಜಾಗೃತಿ ಸಮಿತಿ ಇರಬೇಕು ಅನ್ನುತ್ತೆ. ನಿಮ್ಮ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ: ಕಳೆದ ಮೂರು ವರ್ಷದಲ್ಲಿ ಈ ಸಮಿತಿ ಎಷ್ಟು ಸಲ ಸೇರಿದೆ, ಎಷ್ಟು ಬಿಡುಗಡೆ ಪ್ರಮಾಣಪತ್ರ ಕೊಟ್ಟಿದೆ, ಅದರಲ್ಲಿ ಎಷ್ಟು ಜನರಿಗೆ ಪೂರ್ತಿ ಪರಿಹಾರ ಸಿಕ್ಕಿದೆ? ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ ಗಡುವು. 'ಮಾಹಿತಿ ಲಭ್ಯವಿಲ್ಲ' ಅಂತ ಬಂದ್ರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಜಿಲ್ಲೆ ಯಾವ ಟಯರ್ ಅಂತ ಆ ಒಂದು ಸಾಲೇ ಹೇಳುತ್ತೆ.